ಕೊನೆಯ ತಿರುವಿನ ಹೆಜ್ಜೆ

ನಮ್ಮೂರಿನ ಸರ್ಕಾರಿ ಹೈಸ್ಕೂಲಿನ ಮೈದಾನದಲ್ಲಿ ಸಂಜೆಯಾಯಿತೆಂದರೆ ಯಾರೂ ಓಡುವುದಿಲ್ಲ, ಓಟದ ಸದ್ದು ಮಾತ್ರ ಕೇಳುತ್ತದೆ. ವರ್ಗವಾಗಿ ಬಂದ ಹೊಸ ಮೇಷ್ಟರುಗಳಿಗೆ ಮೊದಮೊದಲು ಇದೊಂದು ಫಜೀತಿ. ನನಗೂ ಆಗಿತ್ತು. ಗಣಿತದ ಮೇಷ್ಟರಾಗಿ ಬಂದ ದಿನವೇ ಸೈಕಲ್ಲು ತಳ್ಳಿಕೊಂಡು ಮೈದಾನದ ಅಡ್ಡಕ್ಕೆ ಹೊರಟಿದ್ದೆ. ಎಡಗಡೆಯಿಂದ ಬರಿಗಾಲಿನ ಟಪಟಪ ಸದ್ದು ಹತ್ತಿರವಾಯಿತು, ಕೆನ್ನೆಗೆ ಗಾಳಿ ಬಡಿಯಿತು, ಸದ್ದು ಬಲಗಡೆಗೆ ದಾಟಿಹೋಯಿತು. ಗೇಟಿನ ಹತ್ತಿರ ಚುರುಮುರಿ ಕಲಸುತ್ತಿದ್ದವನು ತಲೆ ಕೂಡ ಎತ್ತದೆ, ‘ಸಾರ್, ಗೆರೆ ಬಿಟ್ಟು ಈಚೆಗೆ ಬನ್ನಿ. ನಾನೂರು ಮೀಟರ್ ಹುಡುಗ ಇನ್ನೊಂದು ಸುತ್ತು ಬರ್ತಾನೆ’ ಎಂದ.

ನಮ್ಮ ಶಾಲೆಯ ಕ್ರೀಡಾಕೂಟದಲ್ಲಿ ಯಾರು ಒಂದು ಓಟವನ್ನು ಹಿಂದಿನವರೆಲ್ಲರಿಗಿಂತ ಬೇಗ ಮುಗಿಸುತ್ತಾರೋ ಅವರ ಹೆಜ್ಜೆ ಮೈದಾನದಲ್ಲಿ ಉಳಿಯುತ್ತದೆ. ಅದನ್ನು ಮೀರಿಸುವವರು ಬರುವ ತನಕ ದಿನಾ ಸಂಜೆ ಆ ಹೆಜ್ಜೆ ಅದೇ ಓಟ ಓಡುತ್ತದೆ. ಮೀರಿಸಿದ ದಿನ ಹಳೆಯದು ನಿಂತು ಹೊಸದು ಶುರುವಾಗುತ್ತದೆ. ಇಷ್ಟೇ. ಇದಕ್ಕಾಗಿ ಊರಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಕ್ರಿಕೆಟ್ ಆಡುವ ಹುಡುಗರು ಸಂಜೆಯ ಗಂಟೆ ಹೊಡೆಯುವ ಮೊದಲೇ ವಿಕೆಟ್ ಕಿತ್ತುಕೊಂಡು ಹೋಗುತ್ತಾರೆ. ಮೈದಾನದ ಪಕ್ಕದ ಬೀದಿಯ ಹೆಂಗಸರು ಆ ಸದ್ದು ಕೇಳಿಯೇ ಕುಕ್ಕರ್ ಇಡುತ್ತಾರೆ. ಹೆಡ್‌ಮಾಸ್ಟರ್ ತಿಪ್ಪೇರುದ್ರಪ್ಪನವರು ಮಾತ್ರ ಸಂಜೆಯ ವಿಶೇಷ ತರಗತಿಯ ಕಿಟಕಿ ಮುಚ್ಚಿಸುತ್ತಾರೆ. ಹುಡುಗರು ಲೆಕ್ಕ ಬಿಟ್ಟು ಸುತ್ತು ಎಣಿಸುತ್ತಾ ಕೂರುತ್ತಾರೆಂಬುದು ಅವರ ದೂರು. ಎಣಿಸುವುದೂ ಲೆಕ್ಕವೇ ಅಲ್ಲವೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅವರು ಒಂದು ವಾರ ನನ್ನ ಜೊತೆ ಟೀ ಕುಡಿಯಲಿಲ್ಲ.

ಹಿಟ್ಟಿನ ಗಿರಣಿಯ ಮಲ್ಲೇಶಣ್ಣನದು ಬಹಳ ಕಾಲ ಉಳಿದಿದ್ದ ಓಟ, ಸಾವಿರದ ಐನೂರು ಮೀಟರಿನದು. ಮೂರು ಮಕ್ಕಳಾಗಿ, ಹೊಟ್ಟೆ ಬಂದು, ಸ್ಟೂಲಿನ ಮೇಲೆ ಕೂತರೆ ಎದ್ದೇಳಲು ಇನ್ನೊಬ್ಬರ ಕೈ ಬೇಕಾಗುವ ಕಾಲದಲ್ಲೂ ಆತನ ಹದಿನೈದರ ವಯಸ್ಸಿನ ಕಾಲು ಮೈದಾನದಲ್ಲಿ ಜಿಂಕೆಯ ಹಾಗೆ ಓಡುತ್ತಿತ್ತು. ನೆಂಟರು ಬಂದರೆ ಕರೆತಂದು ಕೇಳಿಸುತ್ತಿದ್ದ. ಕೊನೆಗೊಂದು ವರ್ಷ ಯಾರೋ ಕುರುಬರ ಹುಡುಗ ಅದನ್ನು ಮುರಿದ. ಮಲ್ಲೇಶಣ್ಣ ಅತ್ತುಬಿಡುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ಆತ ಮಾರನೆಯ ದಿನ ನನ್ನ ರಾಗಿ ಬೀಸುತ್ತಾ, ‘ಮೇಷ್ಟ್ರೇ, ಸಂಜೆಯಾದ್ರೆ ಕಾಲಲ್ಲಿ ಒಂಥರಾ ನೋವು ಬರ್ತಿತ್ತು ನಂಗೆ, ಇಷ್ಟು ವರ್ಷ. ವಯಸ್ಸಾಯ್ತು ಅಂದ್ಕೊಂಡಿದ್ದೆ. ನಿನ್ನೆ ಬರಲಿಲ್ಲ’ ಎಂದ. ನಾನು ಅದನ್ನು ಹಿಟ್ಟಿನ ಧೂಳಿನ ಜೊತೆ ಕೊಡವಿಕೊಂಡು ಮನೆಗೆ ಹೋದೆ.

ನಾನು ಹೇಳಹೊರಟಿದ್ದು ನಮ್ಮ ಪಿ.ಟಿ. ಮೇಡಂ ಸರ್ವಮಂಗಳ ಅವರ ವಿಷಯ. ಕಟ್ಟುಮಸ್ತಾದ ಹೆಂಗಸು, ಕತ್ತಿನಲ್ಲಿ ಯಾವಾಗಲೂ ಸೀಟಿ, ಬೈಯುವುದರಲ್ಲಿ ಎತ್ತಿದ ಕೈ. ಗಂಡ ಬೇಗ ತೀರಿಕೊಂಡಿದ್ದರು. ಇದ್ದದ್ದು ಒಬ್ಬಳೇ ಮಗಳು, ಬಿಂದು. ಹತ್ತನೆಯ ತರಗತಿಯಲ್ಲಿ ಆ ಹುಡುಗಿ ಎಂಟುನೂರು ಮೀಟರ್ ಓಡಿ ಹಿಂದಿನವರನ್ನೆಲ್ಲ ಅಳಿಸಿಹಾಕಿದಳು. ಅವತ್ತು ಗಡಿಯಾರ ಒತ್ತಿದವನು ನಾನೇ. ಗೆರೆ ದಾಟಿ ಬಂದವಳು ಅಮ್ಮನ ಹೆಗಲಿಗೆ ತಲೆಯಿಟ್ಟು, ಬೆವರೆಲ್ಲ ಅವರ ರವಿಕೆಗೆ ಒರೆಸಿ ನಕ್ಕದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಮಳೆಗಾಲದಲ್ಲೇ ಮಿದುಳು ಜ್ವರ ಬಂದು ಬಿಂದು ಹೋಗಿಬಿಟ್ಟಳು.

ಹುಡುಗಿ ಹೋದಳು, ಓಟ ಉಳಿಯಿತು. ಮಣ್ಣು ಮಾಡಿ ಬಂದ ಸಂಜೆಯೂ ಮೈದಾನದಲ್ಲಿ ಅವಳ ಹೆಜ್ಜೆ ಸದ್ದು ಮಾಡಿತು. ಹದಿನಾಲ್ಕು ದಿನವೂ ಮನೆಯಿಂದ ಹೊರಗೆ ಬಾರದಿದ್ದ ಸರ್ವಮಂಗಳ ಆಮೇಲೆ ಒಂದು ಟವೆಲ್ ಹಿಡಿದು ಬಂದು ಮುಕ್ತಾಯದ ಗೆರೆಯ ಹತ್ತಿರ ನಿಂತರು. ಹೆಜ್ಜೆ ಸುತ್ತು ಹಾಕಿ ಬಂದು ಅವರ ಮುಂದೆ ನಿಂತಿತು. ಏದುಸಿರು ಕೇಳಿಸಿತು. ಅವರು ಟವೆಲ್ಲನ್ನು ಗಾಳಿಗೆ ಚಾಚಿದರು. ಸ್ವಲ್ಪ ಹೊತ್ತಿಗೆ ಉಸಿರೂ ನಿಂತಿತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಒಂದು ಸಂಜೆಯನ್ನೂ ಅವರು ತಪ್ಪಿಸಲಿಲ್ಲ. ಅಕ್ಕನ ಮಗನ ಮದುವೆಗೂ ಹೋಗಲಿಲ್ಲ. ಮಗಳು ಬಂದಾಗ ಗೆರೆಯ ಹತ್ತಿರ ಯಾರೂ ಇಲ್ಲದಿದ್ದರೆ ಹೇಗೆ ಎಂದು ಕೇಳುತ್ತಿದ್ದರು.

ಆಗ ನಮ್ಮೂರು ಒಂದು ಕೆಲಸ ಮಾಡಿತು. ಯಾರೂ ಸಭೆ ಸೇರಲಿಲ್ಲ, ಯಾರೂ ಬಾಯಿ ಬಿಟ್ಟು ಹೇಳಲೂ ಇಲ್ಲ. ಹೆಣ್ಣುಮಕ್ಕಳನ್ನು ಎಂಟುನೂರು ಮೀಟರಿಗೆ ಕಳಿಸುವಾಗ ತಾಯಂದಿರು ಜಡೆ ಹೆಣೆಯುತ್ತಾ ಮೆಲ್ಲಗೆ, ‘ಕೊನೇ ತಿರುವು ಬಂದಾಗ ನಿಧಾನ ಮಾಡ್ಬಿಡು’ ಎನ್ನುತ್ತಿದ್ದರು. ನಮ್ಮ ಸಣ್ಣ ಮೈದಾನದಲ್ಲಿ ಎಂಟುನೂರು ಮೀಟರೆಂದರೆ ನಾಲ್ಕು ಸುತ್ತು. ಹುಡುಗಿಯರು ಮೂರು ಸುತ್ತು ಪ್ರಾಣ ಬಿಟ್ಟು ಓಡಿ, ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ, ಸೊಂಟ ಹಿಡಿದುಕೊಂಡೋ ಜಡೆ ಸರಿಮಾಡಿಕೊಂಡೋ, ಹಿಂದೆ ಬೀಳುತ್ತಿದ್ದರು. ಓಟದ ದಿನ ಮೈದಾನದಲ್ಲಿ ಉಳಿದುಕೊಂಡಿರುವ ಹೆಜ್ಜೆಯೂ ಹುಡುಗಿಯರ ಜೊತೆಗೇ ಓಡುತ್ತದಲ್ಲ, ಬಿಂದು ಅವರನ್ನೆಲ್ಲ ಹಿಂದೆ ಹಾಕಿ ಅಮ್ಮನ ಹತ್ತಿರ ಹೋಗುತ್ತಿದ್ದಳು. ಸರ್ವಮಂಗಳ ಮಿಕ್ಕೆಲ್ಲದಕ್ಕೂ ಹುಡುಗಿಯರ ಚರ್ಮ ಸುಲಿಯುವವರು ಇದೊಂದಕ್ಕೆ ಮಾತಾಡುತ್ತಿರಲಿಲ್ಲ. ಊರು ತನ್ನ ಒಳ್ಳೆಯತನಕ್ಕೆ ತಾನೇ ಒಳಗೊಳಗೆ ಬೀಗುತ್ತಿತ್ತು. ನಾನೂ ಅದರಲ್ಲಿ ಒಬ್ಬ.

ಹುಲಿಗೆಮ್ಮ ಬಂದಿದ್ದು ಇಂಥ ಊರಿಗೆ. ಅವಳ ಅಪ್ಪ ಬಸ್ಸಿನ ಡ್ರೈವರು, ಬಡಗಣ ಸೀಮೆಯಿಂದ ನಮ್ಮ ಡಿಪೋಗೆ ವರ್ಗವಾಗಿ ಬಂದವರು. ಒಂಬತ್ತನೆಯ ತರಗತಿ, ಕಡ್ಡಿಯಂಥ ಕಾಲು, ಮಾತು ಕೇಳಿದರೆ ಕ್ಲಾಸೇ ನಗುತ್ತಿತ್ತು. ಅವಳೂ ಜೊತೆಗೆ ನಗುತ್ತಿದ್ದಳು. ಮೊದಲ ಅಭ್ಯಾಸದ ದಿನವೇ ಎಂಟುನೂರು ಮೀಟರಿನಲ್ಲಿ ಮಿಕ್ಕವರಿಗಿಂತ ಅರ್ಧ ಸುತ್ತು ಮುಂದೆ ಬಂದು ನಿಂತಳು. ನಾನು ಗಡಿಯಾರ ನೋಡಿದೆ, ಮತ್ತೊಮ್ಮೆ ನೋಡಿದೆ, ಜೇಬಿಗೆ ಹಾಕಿಕೊಂಡೆ. ಹುಡುಗಿಯರು ಅವಳನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಕೊನೆಯ ತಿರುವಿನ ವಿಷಯ ತಿಳಿಸಿಹೇಳಿದರು. ಅವಳು ನೀರು ಮುಕ್ಕಳಿಸಿ, ‘ಓಡೂದಂದ್ರ ಓಡೂದಲ್ಲೇನು? ನಡುವ ಜಡಿ ಯಾಕ ಸರಿ ಮಾಡ್ಕೋಬೇಕು?’ ಎಂದಳಂತೆ.

ಆ ವರ್ಷ ಇನ್ನೊಂದು ತೊಡಕಿತ್ತು. ಕ್ರೀಡಾ ಹಾಸ್ಟೆಲಿನವರು ನಮ್ಮ ಶಾಲೆಯ ಕ್ರೀಡಾಕೂಟದ ದಿನವೇ ಬಂದು ಹುಡುಗಿಯರನ್ನು ಆರಿಸುವವರಿದ್ದರು. ಆಯ್ಕೆಗೆ ಬೇಕಾದ ವೇಗ ಬಿಂದುವಿನ ವೇಗಕ್ಕಿಂತ ಒಂದು ಕೂದಲೆಳೆ ಹೆಚ್ಚು. ಹೆಡ್‌ಮಾಸ್ಟರು ನನ್ನನ್ನೂ ಸರ್ವಮಂಗಳ ಅವರನ್ನೂ ಕೋಣೆಗೆ ಕರೆದರು. ಪೇಪರ್‌ವೇಟ್ ತಿರುಗಿಸುತ್ತಾ, ‘ಆ ಹುಡುಗೀನ ನಾನೂರಕ್ಕೆ ಹಾಕಿದ್ರೆ ಹೇಗೆ ಮೇಡಂ? ಬೇರೆ ಓಟ ಎಷ್ಟಿಲ್ಲ’ ಎಂದರು.

‘ನಾನೂರಕ್ಕೇ ಹಾಕಿದೀನಿ’ ಎಂದರು ಸರ್ವಮಂಗಳ. ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು. ಹುಲಿಗೆಮ್ಮನಿಗೆ ನಾನೂರು ಮೀಟರಿನಲ್ಲಿ ಏನೂ ಗಿಟ್ಟುವುದಿಲ್ಲವೆಂದು ನಮ್ಮ ಮೂವರಿಗೂ ಗೊತ್ತಿತ್ತು. ಅವಳು ಕಾವೇರುವುದೇ ಎರಡನೆಯ ಸುತ್ತು ಮುಗಿದ ಮೇಲೆ. ನಾವು ಟೀ ಕುಡಿದೆವು. ಒಂದು ಮಗುವಿನ ಅನ್ನಕ್ಕೆ ಕಲ್ಲು ಹಾಕಿ ಎದ್ದು ಬಂದ ಹಾಗಾಯಿತು ನನಗೆ.

ಹುಲಿಗೆಮ್ಮ ಜಗಳವಾಡಲಿಲ್ಲ. ಅದರ ಬದಲು ಊರಲ್ಲಿ ಯಾರೂ ಮಾಡದಿದ್ದ ಕೆಲಸ ಮಾಡಿದಳು. ಸಂಜೆಯ ಹೊತ್ತು ಎಲ್ಲರೂ ಗೆರೆ ಬಿಟ್ಟು ಈಚೆ ಬಂದ ಮೇಲೆ ಅವಳು ಗೆರೆಯೊಳಗೆ ಇಳಿದಳು. ಬಿಂದುವಿನ ಹೆಜ್ಜೆ ಹೊರಟ ಕೂಡಲೇ ಅದರ ಪಕ್ಕಕ್ಕೆ ತಾನೂ ಹೊರಟಳು. ಕಾಣುವ ಒಬ್ಬಳು, ಕಾಣದ ಒಬ್ಬಳು, ಇಬ್ಬರ ಸದ್ದೂ ಒಂದೇ ಲಯದಲ್ಲಿ ಸುತ್ತು ಹಾಕತೊಡಗಿತು. ಕುಕ್ಕರ್ ಇಡಲು ಹೊರಟಿದ್ದ ಹೆಂಗಸರು ಬಾಗಿಲಲ್ಲೇ ನಿಂತರು. ಕೆಮ್ಮಣ್ಣಿನ ಧೂಳು ಒಂದು ಕಡೆ ಎರಡು ಕಾಲಿನಿಂದ ಏಳುತ್ತಿತ್ತು, ಪಕ್ಕದಲ್ಲೇ ಏನೂ ಇಲ್ಲದೆ ಏಳುತ್ತಿತ್ತು. ಸರ್ವಮಂಗಳ ಟವೆಲ್ ಹಿಡಿದುಕೊಂಡು ಕೆಂಡದಂತಾಗಿ ನಿಂತಿದ್ದರು. ಮಗಳ ಹೆಜ್ಜೆಯೂ ಹುಲಿಗೆಮ್ಮನೂ ಒಟ್ಟಿಗೇ ಬಂದು ಗೆರೆಯ ಹತ್ತಿರ ನಿಂತ ಕೂಡಲೇ ಅವಳ ರಟ್ಟೆ ಹಿಡಿದೆಳೆದರು.

‘ಯಾರೇ ನಿಂಗೆ ಹೇಳಿದ್ದು ಇಲ್ಲಿಗೆ ಬರೋಕೆ?’

ಹುಡುಗಿ ಏದುಸಿರು ಬಿಡುತ್ತಾ, ‘ಅಕ್ಕ ಭಾಳ ದಣದಾಳ್ರಿ ಮೇಡಮ್’ ಎಂದಳು. ‘ಕೊನೀ ತಿರುವಿನಾಗ ಮಾತಾಡ್ತಾಳ. ನಿಮಗ ಇಲ್ಲೀ ತನಕ ಕೇಳ್ಸೂದಿಲ್ಲೇನು?’

‘ಏನು ಮಾತು?’

‘ಸಾಕಾ ಅಮ್ಮಾ? ಅಂತ ಕೇಳ್ತಾಳ. ಅಷ್ಟ. ಮತ್ತ ಓಡ್ತಾಳ.’

ಸರ್ವಮಂಗಳ ಅವಳ ಕೆನ್ನೆಗೆ ಬಾರಿಸಿದರು. ಅಷ್ಟು ವರ್ಷದಲ್ಲಿ ಬಾಯಲ್ಲಿ ಎಷ್ಟು ಬೈದರೂ ಅವರು ಮಕ್ಕಳ ಮೇಲೆ ಕೈ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಹುಲಿಗೆಮ್ಮ ಕೆನ್ನೆ ಮುಟ್ಟಿಕೊಂಡು, ಅಳದೆ, ಚೀಲ ಹೆಗಲಿಗೇರಿಸಿ ಹೋದಳು. ಮೇಡಂ ಅಲ್ಲೇ ಕಲ್ಲಿನ ಮೇಲೆ ಕೂತರು. ನಾನೂ ದೂರದಲ್ಲಿ ಕೂತೆ. ಸಮಾಧಾನದ ಮಾತು ಹೇಳುವುದು ನನಗೆ ಮೊದಲಿಂದಲೂ ಬಾರದ ವಿದ್ಯೆ.

ಕೆಲವು ದಿನ ಕಳೆದು ಒಂದು ಸಂಜೆ ಅವರೇ ಸ್ಟಾಫ್ ರೂಮಿಗೆ ಬಂದು, ‘ಮೇಷ್ಟ್ರೇ, ಇವತ್ತು ಗೆರೆ ಹತ್ರ ನೀವು ನಿಂತ್ಕೋತೀರಾ?’ ಎಂದು ಟವೆಲ್ಲನ್ನು ನನ್ನ ಕೈಗಿಟ್ಟರು. ನಾನು ನಿಂತೆ. ಅವರು ಮೈದಾನದ ಆಚೆ ಮಗ್ಗುಲಿಗೆ ಹೋಗಿ, ಕೊನೆಯ ತಿರುವಿನಲ್ಲಿ ಚಪ್ಪಲಿ ಬಿಚ್ಚಿ, ಸೆರಗು ಸಿಕ್ಕಿಸಿ ಕಾದರು. ನಾಲ್ಕನೆಯ ಸುತ್ತಿನಲ್ಲಿ ಹೆಜ್ಜೆ ಅಲ್ಲಿಗೆ ಬಂದಾಗ ಜೊತೆಗೆ ಓಡಲು ನೋಡಿದರು. ಐವತ್ತು ದಾಟಿದ ಮಂಡಿ, ನಾಲ್ಕು ಮಾರು ಹೋಗುವಷ್ಟರಲ್ಲಿ ಹಿಂದೆ ಬಿದ್ದರು. ಹೆಜ್ಜೆ ನನ್ನ ಮುಂದೆ ಬಂದು ನಿಂತಿತು. ಕಾಣದ ಏದುಸಿರಿಗೆ ನಾನು ಟವೆಲ್ ಚಾಚಿ ನಿಂತೆ. ಮಾರನೆಯ ಸಂಜೆ ಅವರು ತಿರುವಿಗಿಂತ ಮುಂಚೆಯೇ ಓಡಲು ಶುರುಮಾಡಿದರು, ಹೆಜ್ಜೆ ತಮ್ಮನ್ನು ದಾಟುವಾಗ ತಾವೂ ಓಟದಲ್ಲಿರಲಿ ಎಂದು. ಅವತ್ತು ಅವರು ತಿರುವಿನಲ್ಲೇ ಕುಸಿದು ಕೂತದ್ದು ಕಂಡಿತು.

ನಾನು ಹೋಗಿ ಎಬ್ಬಿಸಿದೆ. ಅವರ ಅಂಗಾಲು ಸುಲಿದಿತ್ತು. ‘ಕೇಳ್ತು’ ಎಂದರು. ಆಮೇಲೆ ಅಂಗಾಲಿನ ಮಣ್ಣು ಒರೆಸಿಕೊಳ್ಳುತ್ತಾ, ‘ಸಾಕು ಮಗಳೇ ಅಂದೆ. ಕೂಗಿ ಹೇಳಿದೆ. ನಿಲ್ಲಲಿಲ್ಲ ಅವಳು. ನಿಲ್ಲೋದು ಅವಳ ಕೈಲಿಲ್ಲ ಮೇಷ್ಟ್ರೇ. ನಾನು ದಿನಾ ಆ ತುದೀಲಿ ನಿಂತು ಬರೋದನ್ನ ಕಾಯ್ತಿದ್ದೆ. ಅವಳು ದಿನಾ ಈ ತುದೀಲಿ ಕೇಳ್ತಿದ್ದಾಳೆ’ ಎಂದರು. ಅವರು ಅತ್ತರು. ಅವರ ಜೊತೆ ನಾನೂ ಅತ್ತೆ. ಊರು ತನ್ನ ಒಳ್ಳೆಯತನದಿಂದ ಆ ಮಗುವನ್ನು ಇಷ್ಟು ವರ್ಷ ಓಡಿಸಿತ್ತು.

ಮರುದಿನ ಅವರು ಡಿಪೋ ಕ್ವಾರ್ಟರ್ಸಿಗೆ ಹೋಗಿ, ಡ್ರೈವರಪ್ಪನ ಮುಂದೆ ಹುಲಿಗೆಮ್ಮನ ಕೆನ್ನೆ ಸವರಿ, ‘ಎಂಟುನೂರು ಓಡ್ತೀಯೇನೇ?’ ಎಂದು ಕೇಳಿದರು. ‘ಓಡ್ತೀನ್ರಿ’ ಎಂದಳು ಅವಳು, ಏನೂ ಆಗಿರದ ಹಾಗೆ. ಅಲ್ಲಿಂದ ಬೆಳಗ್ಗೆ ಸಂಜೆ ಅಭ್ಯಾಸ ನಡೆಯಿತು. ಕೊನೆಯ ತಿರುವಿನಲ್ಲಿ ಮೇಡಂ ಸ್ವತಃ ನಿಂತು, ಹುಡುಗಿ ಬರುವಾಗ ಸೀಟಿ ಊದಿ, ಊರಿನ ಕಿವಿ ತೂತಾಗುವ ಹಾಗೆ ಬೈಯುತ್ತಿದ್ದರು. ಈಗ ಮೂಗು ಮುರಿಯುವ ಸರದಿ ಊರಿನದು. ಮೈದಾನದ ಬೀದಿಯ ಹೆಂಗಸರು ಗುಂಪಾಗಿ ಬಂದು, ‘ನಮ್ಮ ಬಿಂದೂನ ಅಳಿಸಿಬಿಡ್ತೀರಾ ಮೇಡಂ? ಹೆತ್ತವರು ಮಾಡೋ ಕೆಲಸವಾ ಇದು?’ ಎಂದು ಕೇಳಿದರು. ಹೆಡ್‌ಮಾಸ್ಟರು ಕೂಡ ಪೇಪರ್‌ವೇಟ್ ತಿರುಗಿಸುವುದನ್ನು ನಿಲ್ಲಿಸಿ, ‘ಇನ್ನೊಂದ್ಸಲ ಯೋಚನೆ ಮಾಡಿ’ ಎಂದರು. ಸರ್ವಮಂಗಳ ಯಾರಿಗೂ ಏನನ್ನೂ ವಿವರಿಸಲಿಲ್ಲ. ಆದರೆ ಸಂಜೆಯ ಹೊತ್ತು ನೋಡಿದರೆ, ಮಗಳ ಹೆಜ್ಜೆ ಬಂದು ನಿಂತ ಮೇಲೂ ಅವರು ಟವೆಲ್ ಮಡಿಸದೆ ಕತ್ತಲಾಗುವ ತನಕ ಅಲ್ಲೇ ಇರುತ್ತಿದ್ದರು. ಉಳಿದಿದ್ದ ಸಂಜೆಗಳು ಕೆಲವೇ ಎಂದು ಅವರಿಗೆ ಗೊತ್ತಿತ್ತು, ಒಂದೊಂದನ್ನೂ ಹೊಟ್ಟೆ ತುಂಬ ಉಂಡರು.

ಕ್ರೀಡಾಕೂಟದ ದಿನ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು, ಆದರೂ ಗದ್ದಲವೇ ಇರಲಿಲ್ಲ. ಹಾಸ್ಟೆಲಿನಿಂದ ಬಂದಿದ್ದ ಇಬ್ಬರು ಸಾಹೇಬರು, ಇದೇನು ಇಲ್ಲಿ ಯಾರಾದರೂ ಸತ್ತಿದ್ದಾರೆಯೇ ಎನ್ನುವಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರು ಹುಡುಗಿಯರು ಗೆರೆಗೆ ಬಂದರು. ಒಳಗಿನ ಸಾಲನ್ನು ಯಾವತ್ತಿನಂತೆ ಖಾಲಿ ಬಿಟ್ಟಿದ್ದೆವು. ಸೀಟಿ ಊದಿದ ಕೂಡಲೇ ಆ ಖಾಲಿ ಸಾಲಿನಿಂದ ಎಲ್ಲರಿಗಿಂತ ಮೊದಲು ಧೂಳೆದ್ದಿತು. ಮೊದಲ ಸುತ್ತು, ಎರಡನೆಯದು, ಹುಲಿಗೆಮ್ಮ ಆ ಧೂಳಿನ ಹಿಂದೆಯೇ ಇದ್ದಳು. ಮೂರನೆಯದರಲ್ಲಿ ಪಕ್ಕಕ್ಕೆ ಬಂದಳು. ಕೊನೆಯ ತಿರುವು ಬಂತು. ಮಿಕ್ಕ ಐದು ಹುಡುಗಿಯರು ಅಭ್ಯಾಸಬಲದಿಂದ ಸೊಂಟಕ್ಕೆ ಕೈಯಿಟ್ಟು ಹಿಂದೆ ಬಿದ್ದರು. ನಾನು ಗಡಿಯಾರದ ಗುಂಡಿಯ ಮೇಲೆ ಹೆಬ್ಬೆರಳಿಟ್ಟೆ.

ಸರ್ವಮಂಗಳ ಆವತ್ತು ನನ್ನ ಪಕ್ಕದಲ್ಲಿರಲಿಲ್ಲ, ತಿರುವಿನಲ್ಲಿ ನಿಂತಿದ್ದರು. ಇಬ್ಬರು ಹುಡುಗಿಯರೂ ಅವರ ಮುಂದೆ ಬರುವಾಗ ಅವರು ಸೀಟಿಯನ್ನು ಬಾಯಿಂದ ತೆಗೆದರು. ‘ಹೋಗು’ ಎಂದು ಕೂಗಿದರು. ಯಾರಿಗೆ ಹೇಳಿದರೋ ನನಗೆ ಗೊತ್ತಾಗಲಿಲ್ಲ, ಇಬ್ಬರಿಗೂ ಹೇಳಿದ್ದೆಂದೇ ನಾನು ತಿಳಿದಿದ್ದೇನೆ. ಹುಲಿಗೆಮ್ಮ ಮುಂದಕ್ಕೆ ಬಿದ್ದಳು. ಅವಳು ಗೆರೆ ದಾಟಿದಾಗ ನಾನು ಗಡಿಯಾರ ಒತ್ತಿದೆ. ಹಿಂದೆ ಬರುತ್ತಿದ್ದ ಹೆಜ್ಜೆ ಥಟ್ಟನೆ ನಿಲ್ಲಲಿಲ್ಲ. ಓಟ ಹೋಗಿ ಕುಂಟು ಓಟವಾಯಿತು, ಅದು ಹೋಗಿ ನಡಿಗೆಯಾಯಿತು. ಗೆರೆಯ ಕಡೆಗೆ ಬರಲಿಲ್ಲ. ಹಿಂದಕ್ಕೆ ತಿರುಗಿ, ಸುಸ್ತಾದ ಮಗು ಕಾಲೆಳೆಯುವ ಹಾಗೆ, ಧೂಳಿನಲ್ಲಿ ಒಂದೊಂದೇ ಸದ್ದು ಮಾಡುತ್ತಾ ತಿರುವಿನ ತನಕ ಹೋಯಿತು. ಅಲ್ಲಿ ಸರ್ವಮಂಗಳ ಅವರ ಮೈ ಒಮ್ಮೆ ಹಿಂದಕ್ಕೆ ವಾಲಿತು, ಭಾರವಾದದ್ದೇನೋ ಹೆಗಲಿಗೆ ಒರಗಿದ ಹಾಗೆ. ಅವರ ಎರಡೂ ಕೈ ಗಾಳಿಯನ್ನು ಬಳಸಿದವು. ಆಮೇಲೆ ಕೈ ಕೆಳಗೆ ಬಿತ್ತು. ಜನರಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾಹೇಬರಲ್ಲಿ ಒಬ್ಬರು ನನ್ನ ಕೈಯ ಗಡಿಯಾರ ನೋಡಿ, ‘ಹುಡುಗಿ ಪಾಸು’ ಎಂದು ಮೆಲ್ಲಗೆ ಹೇಳಿದರು.

ಮಾರನೆಯ ಸಂಜೆ ಊರಿಗೆ ಊರೇ ಹೊಸ ಹೆಜ್ಜೆ ಕೇಳಲು ಬಂದಿತ್ತು. ಬೇಲಿಯ ಮೇಲೆ ಹುಡುಗಿಯರು ಸಾಲಾಗಿ ಕೂತಿದ್ದರು. ಸರ್ವಮಂಗಳ ಬರಿಗೈಯಲ್ಲಿ ಬಂದಿದ್ದರು. ಹುಲಿಗೆಮ್ಮನೂ ಹೊಸ ಲಂಗ ಉಟ್ಟು, ಹಾಸ್ಟೆಲಿಗೆ ಹೋಗುವ ಹುರುಪಿನಲ್ಲಿ ಬಂದಿದ್ದಳು. ಗಂಟೆ ಹೊಡೆಯಿತು. ಖಾಲಿ ಸಾಲಿನಲ್ಲಿ ಧೂಳೆದ್ದು ಅವಳದೇ ಓಟ ಶುರುವಾಯಿತು. ಮೊದಲು ಅವಳಿಗೆ ನಗು ಬಂತು, ಗೆಳತಿಯರ ಕಡೆ ನೋಡಿದಳು. ಎರಡನೆಯ ಸುತ್ತಿಗೆ ನಗು ಹೋಯಿತು. ಲಂಗ ಎತ್ತಿ ತನ್ನ ಮೀನಖಂಡ ಹಿಡಿದುಕೊಂಡಳು. ಅದು ಸಣ್ಣಗೆ ಅದುರುತ್ತಿತ್ತು. ಕೊನೆಯ ತಿರುವಿನಿಂದ ಹೆಜ್ಜೆ ಅವಳ ಕಡೆಗೇ ಓಡಿ ಬಂದು, ಅವಳ ಮುಖದ ಎದುರಿಗೇ ನಿಂತು, ಅವಳದೇ ಉಸಿರು ಬಿಟ್ಟಿತು. ಹುಡುಗಿ ಬಿಳಿಚಿಕೊಂಡಳು.

‘ಮೇಡಮ್, ನಾ ಇಲ್ಲೇ ನಿಂತೀನಲ್ರಿ’ ಎಂದಳು. ‘ನಾ ಇಲ್ಲೇ ನಿಂತೀನಿ, ಕಾಲು ದಣೀತಾವ.’ ಸರ್ವಮಂಗಳ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು. ಹುಡುಗಿ ಅವರ ಎದೆಯಲ್ಲಿ ಮುಖವಿಟ್ಟು, ‘ನನ್ನ ನಿಂದ್ರಸಾಕ ಯಾರು ಬರ್ತಾರ್ರಿ?’ ಎಂದು ಕೇಳಿದಳು.

ಸರ್ವಮಂಗಳ ಬೇಲಿಯ ಕಡೆ ತಿರುಗಿದರು. ಅಲ್ಲಿ ಕೂತಿದ್ದ ಎಂಟನೆಯ ತರಗತಿಯ ಚೋಟುದ್ದದ ಹುಡುಗಿಯರಿಂದ ಹಿಡಿದು ಹತ್ತರವರೆಗಿನ ಎಲ್ಲರನ್ನೂ ನೋಡಿದರು. ‘ಇಳೀರೇ ಎಲ್ಲರೂ. ಚಪ್ಪಲಿ ಬಿಟ್ಟು ಗೆರೆಗೆ ಬನ್ನಿ’ ಎಂದರು. ಹುಡುಗಿಯರು ಒಬ್ಬರನ್ನೊಬ್ಬರು ತಳ್ಳಿಕೊಂಡು ಇಳಿದು ಬಂದರು. ಅವರ ತಾಯಂದಿರು ಬಾಯಿ ತೆರೆದು ಮುಚ್ಚಿದರು. ಒಬ್ಬಳು ಪುಟ್ಟ ಹುಡುಗಿ ಕೈ ಎತ್ತಿ, ಕೊನೆಯ ತಿರುವಿನಲ್ಲಿ ನಿಧಾನ ಮಾಡಬೇಕಾ ಎಂದು ಕೇಳಿದಳು. ‘ಮಾಡಿ ನೋಡು, ಕಾಲು ಮುರಿದು ಕೈಗೆ ಕೊಡ್ತೀನಿ’ ಎಂದರು ಮೇಡಂ. ಸೀಟಿ ಊದಿದರು. ಹುಡುಗಿಯರು ಕಿರುಚುತ್ತಾ ಓಡಿದರು, ಧೂಳು ಮೇಲೆದ್ದು ಗೇಟಿನ ತನಕ ಹಬ್ಬಿತು. ಹುಲಿಗೆಮ್ಮ ಗೆರೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೀನಖಂಡ ನೀವಿಕೊಳ್ಳುತ್ತಾ, ಓಡಿ ಬರುತ್ತಿದ್ದ ಒಬ್ಬೊಬ್ಬ ಹುಡುಗಿಯ ಮುಖವನ್ನೂ ಆಸೆಯಿಂದ ನೋಡುತ್ತಿದ್ದಳು.